ಕೆನಾಲ್ ಬಂದ್ ಆತು, ಗುಂಡಿ ಮೀನ ಏನ್ ಮಾಡೋದು? (ಜೊತಿಗೆ ಬ್ಯಾಸಗಿ ಹಿತ್ತಲ, ಹಕ್ಕಿಪಕ್ಕಿ ಸುದ್ದಿನೂ ಇಲ್ಲೇ ಹಾಕ್ರಿ)

ಹಿತ್ತಲಮನಿ, ಸಿಂಧನೂರು:
ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಕಡೆ ತುಂಗಭದ್ರಾ ಎಡದಂಡೆ ಕೆನಾಲ್‌ಗೆ ನೀರು ಬಂದ್ ಮಾಡ್ಯಾರ. ಆಫೀಸೂ ಏಪ್ರಿಲ್, ಮೇ ಎರಡು ತಿಂಗಳು ಮುಂಜಾನಿ 8ರಿಂದ ಮಧ್ಯಾಹ್ನ 1:30 ತನಕ ಅಷ್ಟ, ಹಂಗಾಗಿ ಸಂಜಿಪೂರ್ತಿ ಖಾಲಿ, ಹಿತ್ತಲಕ್ಕ ನೀರು ಹಾಕೋದು, ಆಮ್ಯಾಲೆ ಕೆನಾಲ್ ದಂಡಿ ಹಿಡದು ಅಡ್ಡಾಡೋದು. ಕೆನಾಲ್ ಒಣಗಿದ್ರೂ ತೂಬಿನ ಬುಡಕ, ಬ್ರಿಜ್ ಕೆಳಗ ಗುಂಡಿ ನಿಂತಾವ, ಅದ್ರಾಗ ಮೀನ ಬೇಕಾದಂಗ ಅವ. ನಮ್ಮ ಕ್ಯಾಂಪಿನ ಹುಡುಗ್ರು ಡೀಸೆಲ್ ಪಂಪ್ ಹಚ್ಚಿ ನೀರು ಖಾಲಿ ಮಾಡಿ ಒಮ್ಮೆಲೆ ಬಳಕೊಂಡು ಬರೋಣು ಅಂತ ನಿಂತಾರ. ನನಗ ಯಾಕೋ ಮನಸ್ಸಾಗವಲ್ದು. ಸಂಜಿಕ ಅದೇ ಗುಂಡಿಗೆ ಬೆಳ್ಳಕ್ಕಿ, ಮಿಂಚುಳ್ಳಿ, ಕುರಿಗಾರರ ಹಿಂಡು, ಮುಂಗಸಿ ಎಲ್ಲಾ ಬರ್ತಾವ, ಅರ್ಧ ಊರು ಅದರ ಮ್ಯಾಲೇ ಬದುಕ್ಯಾದ. ನಿಮ್ಮ ಕಡೆ ಹೆಂಗ ಮಾಡ್ತೀರಿ? ಹಂಗೇ ಈ ಬಿಸಲಾಗ ಹಿತ್ತಲದಾಗ ಏನ್ ಉಳದದ, ಏನೇನ್ ಕಾಣಸ್ಲಿಕತ್ತಾವ, ಅದನ್ನೂ ಬರೀರಿ.

ಗಾಳದ ಗುಂಡ, ಗಂಗಾವತಿ:
ಅಣ್ಣಾರ ಇದ್ರಾಗ ವಿಚಾರ ಮಾಡೋದೇನೈತಿ. ಮೇ ತಿಂಗಳು ಅರ್ಧ ಆಗೋದ್ರಾಗ ಗುಂಡಿ ಒಣಗ್ತೈತಿ, ಮೀನೆಲ್ಲಾ ಸತ್ತು ಊರೆಲ್ಲಾ ನಾರ್ತೈತಿ, ಕಾಗಿ ನಾಯಿ ತಿಂತಾವ. ಅದಕಿಂತ ಮನಿಷಾ ತಿಂದ್ರ ಏನ್ ತಪ್ಪು? ಮಳಿಗಾಲದಾಗ ಡ್ಯಾಮಿಂದ ನೀರು ಬಿಟ್ರ ಮತ್ತ ಮೀನ ಬಂದೇ ಬರ್ತಾವ. ನಾನಂತೂ ಪಂಪ್ ಗಿಂಪ್ ಹಚ್ಚಲ್ಲ, ಗಾಳದಾಗ ಹಿಡಿಯೋ ಮಜಾ ಅದ್ರಾಗ ಇಲ್ಲ. ಜ್ವಾಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಗಟ್ಟಿ ಉಂಡಿ ಮಾಡ್ಕೊಂಡ್ ಹೋಗ್ತೀನಿ, ರೋಹು ಅದಕ್ಕ ಚಲೋ ಬರ್ತಾವ. ಎರಿಹುಳ ಹಾಕಿದ್ರ ಬರೇ ಜಿಲೇಬಿ ಮೀನೇ (ತಿಲಾಪಿಯಾ) ಬಾಯಿ ಹಾಕ್ತಾವ, ಕೈ ಬ್ಯಾಸರ ಬರೋ ತನಕ ಬರೇ ಜಿಲೇಬಿ.

ಕಂಪ್ಲಿ ಹರಗೋಲು:
ನಮ್ಮದು ಹೊಳೆ ಮನಿತನರೀ, ನಮ್ಮಪ್ಪ ನಮ್ಮಜ್ಜ ಎಲ್ಲಾ ಬಲಿ ಹಾಕಿದವ್ರು, ಅದಕ್ಕ ಒಂದ್ ಮಾತು ಹೇಳ್ತೀನಿ. ಗುಂಡಿ ಅಂದ್ರ ಎಲ್ಲಾ ಒಂದೇ ಅಲ್ಲ. ಸಾಯೋ ಗುಂಡಿ ಬ್ಯಾರೆ, ಬದುಕೋ ಗುಂಡಿ ಬ್ಯಾರೆ. ಸಿಮೆಂಟ್ ಲೈನಿಂಗ್ ಮ್ಯಾಲೆ ನಿಂತ ನೀರು, ಬ್ರಿಜ್ ಕೆಳಗ ಮೊಣಕಾಲುದ್ದ ನಿಂತದ್ದು, ಅದು ಹೆಂಗಿದ್ರೂ ಹೋಗ್ತೈತಿ, ಅದ್ರಾಗಿನ ಮೀನ ಹಿಡದ್ರ ಯಾರಿಗೂ ಲುಕ್ಸಾನಿಲ್ಲ, ಗುಂಡ ಹೇಳಿದ್ದು ಅಲ್ಲಿಗೆ ಖರೆ. ಆದ್ರ ಗದ್ದಿ ಕಡಿಂದ ಬಸಿನೀರು ಬಂದು ಕೂಡೋ ಗುಂಡಿ ಇರ್ತಾವಲ್ಲ, ಹಳ್ಳದ ಮಡು ಇರ್ತಾವಲ್ಲ, ಅವು ಜೂನ್ ತನಕ ತಡೀತಾವ. ಅಂಥದ್ರಾಗ ಉಳಿದ ಮೀನೇ ಮುಂದಿನ ವರ್ಷದ ಬೀಜ. ಮೊದಲ ಮಳಿಗೆ ಹಳ್ಳ ಹರದ್ರ ಅವೇ ಮ್ಯಾಲೆ ಏರಿ ಮೊಟ್ಟಿ ಇಡ್ತಾವ. ಅದಕ್ಕ ಪಂಪ್ ಹಚ್ಚಿದ್ರಿ ಅಂದ್ರ ಮುಗೀತು, ಡ್ಯಾಮಿಂದ ಬರೋ ಮೀನ ಕೆನಾಲ್‌ಗೆ ಬರ್ತಾವ, ನಿಮ್ಮ ಹಳ್ಳಕ್ಕೇನ್ ಹತ್ತಿ ಬರ್ತಾವೇನು?

ಹಿತ್ತಲಮನಿ, ಸಿಂಧನೂರು:
ಕಾಕಾ ಬರೋಬ್ಬರಿ ಹೇಳಿದ್ರಿ. ಆದ್ರ ಯಾವ್ದು ಸಾಯೋದು ಯಾವ್ದು ಬದುಕೋದು ಅಂತ ನಮ್ಮಂಥ ಪೆನ್ ಹಿಡಿಯೋರಿಗೆ ಹೆಂಗ ಗೊತ್ತಾಗ್ಬೇಕು?

ಕಂಪ್ಲಿ ಹರಗೋಲು:
ಅಂಚಿಗೆ ನೋಡ್ರಿ. ಆಪು (ನೀರಾಗ ಬೆಳಿಯೋ ಜೊಂಡು) ಹಸರಾಗಿ ನಿಂತಿತ್ತು ಅಂದ್ರ ಕೆಳಗ ಬಸಿ ಐತಿ ಅಂತ. ಅಂಚಿನ ಮಣ್ಣು ಹಪ್ಪಳದಂಗ ಸುರುಳಿ ಸುತ್ತಿತ್ತು ಅಂದ್ರ ನೀರು ದಿನಾ ಇಳೀಲಿಕ್ಕ ಹತ್ಯಾದ. ಇನ್ನೂ ಅನುಮಾನ ಇದ್ರ ಒಂದ್ ಕೋಲು ನೆಟ್ಟು ಗುರ್ತು ಮಾಡ್ರಿ, ವಾರ ಬಿಟ್ಟು ನೋಡ್ರಿ, ಎಲ್ಲಾ ಗೊತ್ತಾಗ್ತೈತಿ. ಇನ್ನೊಂದು, ನಸುಕಿನಾಗ ಹೋಗಿ ನೋಡ್ರಿ. ನೀರು ಕಾದಷ್ಟೂ ಅದ್ರಾಗ ಆಕ್ಸಿಜನ್ ಕಮ್ಮಿ, ರಾತ್ರಿ ಪಾಚಿನೂ ಅದನ್ನೇ ಎಳಕೊಂತೈತಿ, ಹಂಗಾಗಿ ಹೊತ್ತು ಹುಟ್ಟೋ ಮುಂಚೆ ಕಾಟ್ಲಾ ರೋಹು ಮ್ಯಾಲೆ ಬಂದು ಬಾಯಿ ಬಾಯಿ ಬಿಡ್ತಿರ್ತಾವ. ಅದು ಕಂಡ್ರ ಆ ಗುಂಡಿಯಾಗಿನ ರೋಹು ಕಾಟ್ಲಾದಂಥ ಗೆಂಡಿಮೀನ ಉಳಿಯೋದಿಲ್ಲ, ಹಿಡೀರಿ. ಕೊರಮೀನ, ಚೇಳುಮೀನ ಮಾತ್ರ ಉಳೀತಾವ, ಅವು ಗಾಳಿನೇ ಕುಡೀತಾವ, ಕೆಸರಾಗ ಹುದುಗಿ ಕುಂತ್ರೂ ಸಾಯಲ್ಲ.

ಪಾಪು ಪಟಾಕಿ:
ಇಷ್ಟೆಲ್ಲಾ ಯಾಕ್ರೀ, ಕ್ವಾರಿ ಕಡಿಂದ ಒಂದ್ ಮದ್ದು ತಂದು ಢಂ ಅನ್ಸಿದ್ರ ಐದು ನಿಮಿಷದ ಕೆಲಸ 😂

ಅಡ್ಮಿನ್:
ಇದು ತಮಾಷೆ ಅಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದು 1897ರ ಮೀನುಗಾರಿಕೆ ಕಾಯ್ದೆಯಿಂದನೇ ಅಪರಾಧ. ಇನ್ನೊಮ್ಮೆ ಬರೆದ್ರೆ ತೆಗೆದುಹಾಕ್ತೀವಿ.

ಕೊಪ್ಪಳದಾಕಿ:
ನೀವು ಗಂಡಸರು ಮೀನಿಂದ ಹೊರಗ ಬರೂದಿಲ್ಲ, ನಾನು ಹಿತ್ತಲದ ಸುದ್ದಿ ಹೇಳ್ತೀನಿ. ನಮ್ಮದು ಮಸಾರಿ ಮಣ್ಣು, ನೀರು ಹಾಕಿದ್ದು ಹಾಕಿದಂಗ ಕೆಳಗ ಹೋಗಿಬಿಡ್ತೈತಿ. ಹಂಗಾಗಿ ಗಡಿಗಿ ಹೂಳೀನಿ. ಕುಂಬಾರರ ಕಡೆ ಸಣ್ಣ ಬಾಯಿ ಗಡಿಗಿ, ಬಣ್ಣಾ ಗಿಣ್ಣಾ ಹೊಡದದ್ದು ಬ್ಯಾಡ, ಸುಟ್ಟದ್ದು, ಬರೇ ಕೆಂಪು ಇರೋದು ತಗೊಂಡು ಕುತ್ತಿಗಿ ತನಕ ಮಣ್ಣಾಗ ಇಟ್ಟು ನೀರು ತುಂಬಿ ಮ್ಯಾಲೆ ಮುಚ್ಚಳ. ನೀರು ಗಡಿಗಿ ಮೈಯಿಂದ ಜಿನುಗ್ತೈತಿ, ಬೇರು ಬಂದು ಗಡಿಗಿ ತಬ್ಕೊಂಡು ಕುಂತಿರ್ತಾವ, ಹೋದ ಸಲ ತಗದು ನೋಡಿದ್ರ ಬೇರಿಂದು ಬಲಿ ಹೆಣದಂಗ ಆಗಿತ್ತು. ಸುತ್ತ ಹೀರಿ, ಹಾಗಲ, ಒಂದು ಕಡೆ ಚವಳಿ. ಬುಡಕ್ಕ ಶೇಂಗಾ ಹೊಟ್ಟು ಹಾಸೀನಿ. ಇಂಥ ಬಿಸಲಾಗೂ ಎಲಿ ಬಾಡಿಲ್ಲ. ಪುಂಡಿಪಲ್ಲೆಗಂತೂ ನಾನು ಕಣ್ಣೆತ್ತಿ ಸೈತ ನೋಡಲ್ಲ, ಅದು ತಾನೇ ಬರ್ತೈತಿ. ಮುಚ್ಚಳ ಮರೀಬ್ಯಾಡ್ರಿ, ಇಲ್ಲಾಂದ್ರ ಗಡಿಗ್ಯಾಗ ಸೊಳ್ಳಿ ಹುಟ್ಟಿ ಮನಿಮಂದಿಗೆಲ್ಲಾ ಡೆಂಗಿ.

ಬಳ್ಳಾರಿ ಬಿಸ್ಲು:
ಅಕ್ಕಾರ ನಮ್ಮ ಟೆರೇಸ್ ಮ್ಯಾಲಿನ ಟೊಮ್ಯಾಟಿ ಗಿಡ ಆಳೆತ್ತರ ಆಗೈತ್ರಿ, ಹೂವೂ ಕೈತುಂಬ ಬಿಡ್ತೈತಿ, ಆದ್ರ ಕಾಯಿ ಇಲ್ಲ, ಹೂ ಎಲ್ಲಾ ಉದುರಿ ಹೋಗ್ತಾವ. ನರ್ಸರಿಯವ ಒಂದ್ ಬಾಟ್ಲಿ ಟಾನಿಕ್ ಕೊಟ್ಟ, ನಾನೂರು ರೂಪಾಯಿ ಹೋತು, ಏನೂ ಆಗಿಲ್ಲ. ಏನ್ ಹಾಕ್ಬೇಕು?

ಕೊಪ್ಪಳದಾಕಿ:
ಏನೂ ಹಾಕ್ಬ್ಯಾಡ್ರಿ ಅಣ್ಣಾರ, ಟಾನಿಕ್‌ಗೆ ಬಗ್ಗೋ ರೋಗಲ್ಲ ಅದು, ಬಳ್ಳಾರಿ ಬಿಸಲು. ಹಗಲು 35 ಡಿಗ್ರಿ ದಾಟಿತು ಅಂದ್ರ ಟೊಮ್ಯಾಟಿ ಹೂವಿನ ಪರಾಗ ಕೆಡ್ತೈತಿ, ರಾತ್ರಿನೂ ತಂಪಾಗ್ಲಿಲ್ಲ ಅಂದ್ರ ಕಾಯಿ ಕಟ್ಟೋದು ಕಷ್ಟ. ನಿಮ್ಮಲ್ಲಿ 42 ಇರ್ತೈತಿ, ಅದೂ ಟೆರೇಸ್ ಕಾಂಕ್ರೀಟು ರಾತ್ರಿಯೆಲ್ಲಾ ಕಾವು ಬಿಡ್ತೈತಿ. 50 ಪರ್ಸೆಂಟಿನ ಶೇಡ್ ನೆಟ್ ಕಟ್ರಿ, ಗಿಡ ಉಳಸ್ಕೊಳ್ರಿ, ಮಳಿ ಬಿದ್ದು ತಂಪಾದ್ರ ತಾನೇ ಕಾಯಿ ಹಿಡೀತೈತಿ. ಅಲ್ಲಿ ತನಕ ಬೆಂಡಿ, ಚವಳಿ, ಬಸಳಿ ಬೆಳೀರಿ. ಬ್ಯಾಸಗ್ಯಾಗ ಟೊಮ್ಯಾಟಿ ಬೇಕಾದ್ರ ಸಂತಿಗೆ ಹೋಗ್ರಿ 😄

ಹಿತ್ತಲಮನಿ, ಸಿಂಧನೂರು:
ನಮ್ಮ ತ್ರಾಸ ಬ್ಯಾರೆ. ಬೋರ್ ನೀರು ಸವಳು. ಹಾಕಿದ್ರ ಎಲಿ ಅಂಚು ಸುಟ್ಟಂಗ ಆಗ್ತಾವ, ಮಣ್ಣಿನ ಮ್ಯಾಲೆ ಬಿಳಿ ಬಿಳಿ ಉಪ್ಪು. ಕುಡಿಯೋ ನೀರಿನ ಫಿಲ್ಟರ್‌ನಿಂದ ಬರೋ ವೇಸ್ಟ್ ನೀರಂತೂ ಗಿಡಕ್ಕ ಹಾಕಲೇಬ್ಯಾಡ್ರಿ, ಅದ್ರಾಗ ಉಪ್ಪು ಇನ್ನೂ ಜಾಸ್ತಿ, ಎಷ್ಟೋ ಮಂದಿ ನೀರು ಉಳೀತು ಅಂತ ಅದನ್ನೇ ಹಾಕ್ತಾರ. ಬೀಟ್‌ರೂಟ್, ಪಾಲಕ್ ಸವಳು ತಡಕೊಂತಾವ, ಹುರಳಿಬೀನ್ಸ್ ತಡಕೊಳ್ಳಲ್ಲ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಸವಳು ಮಣ್ಣಿನ ಮ್ಯಾಲೇ ಕೆಲಸ ನಡೀತದ, ಆ ಕಡೆ ಇರೋರು ಹೋಗಿ ಕೇಳ್ರಿ.

ಎರೆಹೊಲ, ಸಿರುಗುಪ್ಪ:
ನಂದೊಂದು ಪ್ರಶ್ನೆ ಐತ್ರಿ. ಮನಿ ಹಿಂದ ಕಾಯಿಪಲ್ಲೆ ಮಾಡೋ ಜಾಗ, ಪಕ್ಕದಾಗ ಖಾಲಿ ಎರಿಹೊಲ. ಮಾಗಿ (ಬ್ಯಾಸಗಿ ಉಳುಮಿ) ಹೊಡೀಬೇಕು ಅಂತ ಟ್ರ್ಯಾಕ್ಟರ್ ಹೇಳೀನಿ. ಈಗ ನೋಡಿದ್ರ ಹೊಲದ ನಡುವ ಟಿಟ್ಟಿಭ ಹಕ್ಕಿ ಮೊಟ್ಟಿ ಇಟ್ಟೈತಿ. ಗೂಡು ಗೀಡು ಏನಿಲ್ಲ, ನಾಕು ಮೊಟ್ಟಿ, ಚೂಪು ತುದಿ ನಾಕೂ ಒಳಗ ಮಾಡಿ ಜೋಡ್ಸಿಟ್ಟೈತಿ, ಸುತ್ತ ಸಣ್ಣ ಸಣ್ಣ ಹೆಂಟಿ, ಕುರಿ ಹಿಕ್ಕಿ. ಕಣ್ಣು ತಗದು ಮತ್ತ ನೋಡಿದ್ರ ಎಲ್ಲಿತ್ತು ಅಂತ ಸಿಗೋದಿಲ್ಲ, ಮಣ್ಣಿನ ಬಣ್ಣನೇ. ನಾ ಹತ್ರ ಹೋದ್ರ ಗಂಡು ಹೆಣ್ಣು ಎರಡೂ ತಲಿಮ್ಯಾಲೆ ಬಂದು ಟಿ-ಟೀ-ಟಿಟ್ ಅಂತ ಒದರ್ತಾವ. ಮೊಟ್ಟಿ ಎತ್ತಿ ಬದುವಿನ ಮ್ಯಾಲೆ ಇಟ್ರ ಆಗ್ತೈತೇನು?

ಶಕ್ತಿನಗರ ಕಾಲೋನಿ:
ದಯಮಾಡಿ ಎತ್ತಬ್ಯಾಡ್ರಿ ಸರ್. ಅಷ್ಟು ದೂರ ಇಟ್ರ ಅವು ಕೈಬಿಡೋ ಸಾಧ್ಯತೆನೇ ಜಾಸ್ತಿ. ಕಾವು ಕೂಡೋದು ಹೆಚ್ಚುಕಮ್ಮಿ 28ರಿಂದ 30 ದಿವಸ. ಮರಿ ಹೊರಗ ಬಂದ ದಿನನೇ ಎದ್ದು ಓಡ್ಯಾಡ್ತಾವ, ಗೂಡಿನಾಗ ಕುಂಡ್ರಂಗಿಲ್ಲ. ನಾಕು ಮೂಲಿಗೆ ನಾಕು ಗೂಟ ಹೊಡದು ಬಟ್ಟಿ ಕಟ್ರಿ, ಟ್ರ್ಯಾಕ್ಟರ್‌ನವನಿಗೆ ಆ ತುಂಡು ಬಿಟ್ಟು ಹೊಡಿ ಅಂತ ಹೇಳ್ರಿ. ಭಾಳ ಅಂದ್ರ ಒಂದ್ ಮಂಚ ಹಾಕೋವಷ್ಟು ಜಾಗ ಉಳೀತದ. ಇಲ್ಲ ಮಳಿ ಬಂದ ಮ್ಯಾಲೇ ಹೊಡೀರಿ, ಹೆಂಗೂ ಎರಿ ಈಗ ಕಲ್ಲಾಗ್ಯಾದ. ಗೂಟ ಹೊಡದ ಮ್ಯಾಲೆ ಪದೇ ಪದೇ ಹೋಗಿ ನೋಡಬ್ಯಾಡ್ರಿ, ನೀವು ಎಲ್ಲಿ ನಿಂತು ನೋಡ್ತೀರಿ ಅಂತ ಕಾಗಿ ನೋಡ್ತಿರ್ತದ.

ಎರೆಹೊಲ, ಸಿರುಗುಪ್ಪ:
ಗೂಟ ಹೊಡದೆ. ಟ್ರ್ಯಾಕ್ಟರ್‌ನವ ನಕ್ಕ, ಆದ್ರೂ ಬಿಟ್ಟು ಹೊಡೀತೀನಿ ಅಂದ. ಆದ್ರ ಒಂದ್ ಚೋದ್ಯ ನೋಡಿದ್ನಿ, ನೀವು ಯಾರರ ನೋಡೀರೇನು ಹೇಳ್ರಿ. ಮಧ್ಯಾಹ್ನ ಎರಡರ ಸುಮಾರಿಗೆ ಬಿಸಲು ಧಗಧಗ ಅನ್ನೋ ಹೊತ್ತಿಗೆ ಒಂದು ಹಕ್ಕಿ ನಮ್ಮ ಬಚ್ಚಲ ನೀರಿನ ಕಾಲುವಿಗೆ ಬಂತು. ನೀರು ಕುಡೀತೈತಿ ಅಂತ ಅನ್ಕೊಂಡೆ. ಕುಡೀಲಿಲ್ಲ. ನೀರಾಗ ಕುಂತು ಹೊಟ್ಟಿ ಅಲ್ಲಾಡಿಸಿ ಅಲ್ಲಾಡಿಸಿ ತೋಯ್ಸಿಕೊಂತು, ಎದ್ದು ಸೀದಾ ಹಾರಿ ಹೋಗಿ ಮೊಟ್ಟಿ ಮ್ಯಾಲೆ ಕುಂತು. ಸ್ವಲ್ಪ ಹೊತ್ತಿಗೆ ಅದು ಎದ್ದು, ಇನ್ನೊಂದು ಹಂಗೇ ತೋಯ್ಸಿಕೊಂಡು ಬಂತು. ನನ್ನ ಹೆಂಡ್ತಿನ್ನ ಕರದು ತೋರ್ಸಿದೆ, ಆಕಿ ಅವತ್ತಿಂದ ಪಾತ್ರಿ ತೊಳದ ನೀರು ಅದೇ ಕಾಲುವಿಗೆ ಬಿಡ್ತಾಳ.

ಶಕ್ತಿನಗರ ಕಾಲೋನಿ:
ಸರ್ ನೀವು ನೋಡಿದ್ದು ಭಾಳ ಚಲೋ. ಅದು ಮೊಟ್ಟಿ ತಂಪು ಮಾಡೋ ಕೆಲಸ. ನಮ್ಮಂಥ ಬಿಸಲಿನಾಗ ಕಾವು ಕೊಡೋದಕಿಂತ ಕಾವು ತಪ್ಪಿಸೋದೇ ಅವುಕ್ಕ ದೊಡ್ಡ ಚಿಂತಿ. ಹೊಟ್ಟಿ ಗರಿ ತೋಯ್ಸಿಕೊಂಡು ಬಂದು ಮೊಟ್ಟಿ ಮ್ಯಾಲೆ ನಿಂದ್ರತಾವ, ಮರಿ ಬಂದ ಮ್ಯಾಲೂ ಹಂಗೇ ಮಾಡ್ತಾವ. ಹತ್ರ ನೀರಿಲ್ಲ ಅಂದ್ರ ಅದೂ ಆಗಂಗಿಲ್ಲ, ಅದಕ್ಕೇ ಮ್ಯಾಲೆ ಕಾಕಾರು ಗುಂಡಿ ಉಳಸ್ರಿ ಅಂದಿದ್ದು ಬರೇ ಮೀನಿನ ಮಾತಲ್ಲ. ಹೊಳಿ ಇಳದಾಗ ಮರಳದಿಬ್ಬ ಬೀಳ್ತಾವಲ್ಲ, ಅದ್ರ ಮ್ಯಾಲೆ ಈಗ ರೀವ ಹಕ್ಕಿನೂ (ರಿವರ್ ಟರ್ನ್) ಹಂಗೇ ಬಯಲಾಗೇ ಮೊಟ್ಟಿ ಇಟ್ಟಿರ್ತಾವ. ಹೊಳಿಗೆ ಹೋಗೋರು ಮರಳದಿಬ್ಬದ ಮ್ಯಾಲೆ ನಾಯಿ ಬಿಡಬ್ಯಾಡ್ರಿ, ಬೈಕ್ ಏರಸಬ್ಯಾಡ್ರಿ. ಸಿರುಗುಪ್ಪದವರ ಎರಿ ಸೀಮಿ ಅಂದ್ರ ಹಕ್ಕಿ ನೋಡೋರಿಗೆಲ್ಲಾ ಆಸೆ, ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಂಡ ಜಾಗ ಅದು.

ಮಾನ್ವಿಯವ್ನು, ಈಗ ಬೆಂಗ್ಳೂರು:
ಓದ್ತಾ ಓದ್ತಾ ಆಫೀಸಲ್ಲಿ ಕೆಲಸನೇ ಮಾಡ್ಲಿಲ್ಲ ಇವತ್ತು. ಮೇನಲ್ಲಿ ಮಕ್ಕಳನ್ನ ಕರ್ಕೊಂಡು ಊರಿಗೆ ಬರ್ತಿದೀನಿ, ಇಬ್ಬರಿಗೂ ಮೀನು ಹಿಡಿಯೋದು ಕಲಿಸ್ಬೇಕು ಅಂತ ಆಸೆ. ದೇವಸೂಗೂರಿಗೆ ಹೋಗಿ ಕೃಷ್ಣಾ ಹೊಳೆ ದಂಡೇಲಿ ಗಾಳ ಹಾಕಬಹುದಾ? ನಾವು ಸಣ್ಣೋರಿದ್ದಾಗ ಅಲ್ಲೇ ಈಜ್ತಿದ್ವಿ. ಯಾರೋ ಮೊಸಳೆ ಅಂತ ಹೆದರಿಸ್ತಿದಾರೆ, ನಿಜಾನಾ?

ಶಕ್ತಿನಗರ ಕಾಲೋನಿ:
ಹೆದರ್ಸೋದಲ್ಲ ಸರ್, ಅದಾವ. ನಾವು ದಂಡಿಂದ ನೋಡ್ತಿರ್ತೀವಿ. ಹೊತ್ತೇರಿದ ಮ್ಯಾಲೆ ಬಂಡಿಗಲ್ಲಿನ ಮ್ಯಾಲೆ ಬಾಯಿ ಅಗಲಾ ತಕ್ಕೊಂಡು ಬಿದ್ದಿರ್ತಾವ, ಸಿಟ್ಟಿಗಲ್ಲ, ಮೈ ಕಾವು ಇಳಸ್ಕೊಳ್ಳಾಕ ಹಂಗ ಮಾಡ್ತಾವ. ಬ್ಯಾಸಗ್ಯಾಗ ನೀರು ಕಮ್ಮಿ ಆಗಿ ಉಳಿದ ಮಡುವಿನಾಗೇ ಅವೂ ಕೂಡ್ತಾವ, ಮೀನೂ ಕೂಡ್ತಾವ, ಮಂದಿನೂ ಅಲ್ಲಿಗೇ ಹೋಗ್ತಾರ, ತೊಂದ್ರಿ ಆಗೋದು ಅಲ್ಲೇ. ಮತ್ತ ಈ ಹೊತ್ತಿಗೇ ದಂಡಿ ಮರಳಾಗ ಮೊಟ್ಟಿ ಇಟ್ಟು ತಾಯಿ ಕಾಯ್ತಿರ್ತದ, ಮರಿ ಆಗೋದು ಮೇ-ಜೂನ್ ಸುಮಾರಿಗೆ, ಆವಾಗ ಹತ್ರ ಹೋದ್ರ ಬಿಡಂಗಿಲ್ಲ. ಕಾಲು ನೀರಾಗ ಬಿಟ್ಕೊಂಡು ಗಾಳ ಹಾಕೋದು, ಕತ್ತಲಾದ ಮ್ಯಾಲೆ ಮೀನ ತೊಳಿಯೋದು, ಸಣ್ಣ ಹುಡುಗ್ರನ್ನ ಅಂಚಿಗೆ ಕುಂಡ್ರಸೋದು ಯಾವ್ದೂ ಬ್ಯಾಡ. ಹುಡುಗ್ರಿಗೆ ಕಲಸೋದಾದ್ರ ಊರ ಕೆರಿಗೆ ಹೋಗ್ರಿ. ಹೊಳಿಗೆ ಬರ್ರಿ, ಬೈನಾಕ್ಯುಲರ್ ತಗೊಂಡು ಬರ್ರಿ, ಬ್ರಿಜ್ ಮ್ಯಾಲಿಂದ ನೋಡೋಣು.

ಗಾಳದ ಗುಂಡ, ಗಂಗಾವತಿ:
ಕೆರಿಗೆ ಹೋಗೋದಾದ್ರೂ ಗುತ್ತಿಗಿ ಯಾರಿಗೈತಿ ಕೇಳ್ಕೊಂಡು ಹೋಗ್ರಿ. ಇಲ್ಲಾಂದ್ರ ಮೊಸಳಿಗಿಂತ ಗುತ್ತಿಗಿದಾರ ಡೇಂಜರ್ 😂 ಸಂಘಕ್ಕ ಕೊಟ್ಟಿರ್ತಾರ, ಮರಿ ಬಿಟ್ಟಿರ್ತಾರ, ರೊಕ್ಕ ಹಾಕಿರ್ತಾರ, ಅವರದೂ ತಪ್ಪಿಲ್ಲ. ಹುಡುಗ್ರಿಗೆ ಒಂದ್ ತಾಸು ಗಾಳ ಹಾಕ್ತೀವಿ ಅಂದ್ರ ಯಾರೂ ಬ್ಯಾಡ ಅನ್ನಲ್ಲ. ಜಿಲೇಬಿ ಹಿಡೀಲಿ, ಹುಡುಗ್ರಿಗೆ ಅದೇ ಬೆಸ್ಟ್, ಹಾಕಿದ ಕೂಡ್ಲೇ ಕಚ್ತೈತಿ, ಕಾಯೋ ಕೆಲಸಿಲ್ಲ.

ಕಂಪ್ಲಿ ಹರಗೋಲು:
ಜಿಲೇಬಿ ಎಷ್ಟು ಹಿಡದ್ರೂ ಪಾಪಿಲ್ಲ. ಅದು ನಮ್ಮ ಮೀನಲ್ಲ, ಆಫ್ರಿಕಾದ್ದು, 1952ರಾಗ ದೇಶಕ್ಕ ತಂದದ್ದು. ತಾಯಿ ಮೊಟ್ಟಿ ಮರಿ ಎಲ್ಲಾ ಬಾಯಾಗ ಇಟ್ಕೊಂಡು ಸಾಕ್ತೈತಿ, ಹಂಗಾಗಿ ಎಲ್ಲಿ ಬಿಟ್ರೂ ತುಂಬ್ತೈತಿ. ಹಿಡದಾಗ ಬಾಯಿ ತಗದು ನೋಡ್ರಿ, ಒಮ್ಮೊಮ್ಮೆ ಕಾಳಿನಂಥ ಮೊಟ್ಟಿ ಉದುರ್ತಾವ. ಆದ್ರ ಕೊರಮೀನಿಂದು ಒಂದ್ ಹೇಳ್ತೀನಿ, ಇದು ಹುಡುಗ್ರೆಲ್ಲಾ ಓದ್ರಿ. ಮೊದಲ ಮಳಿ ಬಿದ್ದು ನೀರು ಸೇರಿದ ಮ್ಯಾಲೆ, ಗುಂಡಿ ಅಂಚಿಗೆ ಕೆಂಪಗ ಒಂದ್ ಮುದ್ದಿ ನೀರಿನ ಮ್ಯಾಲೆ ಏಳೋದು ಮುಳುಗೋದು ಮಾಡ್ತೈತಿ. ಅದು ಕೊರಮೀನಿನ ಮರಿ ಗುಂಪು, ಗಾಳಿ ಕುಡಿಯಾಕ ಎಲ್ಲಾ ಒಮ್ಮೆಲೆ ಮ್ಯಾಲೆ ಬರ್ತಾವ. ಕೆಳಗ ತಾಯಿ ತಂದಿ ಎರಡೂ ಕಾವಲಿರ್ತಾವ. ಆ ಗುಂಪಿನ ನಡುವ ಕಪ್ಪಿ ಕಟ್ಟಿದ ಗಾಳ ಬಿಟ್ರ ಹಸಿವಿಗಲ್ಲ, ಸಿಟ್ಟಿಗೆ ಕಚ್ತಾವ, ಎರಡೂ ಸಿಗ್ತಾವ. ಸಿಕ್ಕಮ್ಯಾಲೆ ಆ ಮರಿ ಎಲ್ಲಾ ಹೋದಂಗೇ, ಅರ್ಧ ತಾಸಿನಾಗ ಬ್ಯಾರೆ ಮೀನ ನುಂಗ್ತಾವ. ಸಲೀಸು ಬ್ಯಾಟಿ ಅಂತ ಭಾಳ ಮಂದಿ ಇದೇ ಮಾಡ್ತಾರ. ನಮ್ಮ ಮನಿತನದಾಗ ಮರಿ ಜೋಡಿ ಇರೋ ಕೊರಮೀನ ಹಿಡಿಯಂಗಿಲ್ಲ.

ಗಾಳದ ಗುಂಡ, ಗಂಗಾವತಿ:
ಕಾಕಾ ಅದಕ್ಕ ಬೇಡಿಕಿ ಹಂಗೈತಿ. ಮಿರಗದ (ಮೃಗಶಿರ ಮಳಿ ಕೂಡೋ) ದಿನ ಮೀನ ತಿನ್ನಬೇಕು ಅಂತ ಊರೂರೇ ನಿಂತಿರ್ತೈತಿ, ಹೈದರಾಬಾದಿನಾಗ ಉಬ್ಬಸಕ್ಕ ಅಂತ ಕೊರಮೀನ ಮರಿನೇ ಬಾಯಾಗ ಹಾಕಿ ನುಂಗಸ್ತಾರ. ಆ ವಾರ ಕೇಳಿದ ರೇಟು. ಹೋಗ್ಲಿ ಬಿಡ್ರಿ, ಮರಿ ಇರೋದನ್ನ ಬಿಡ್ತೀನಿ, ಅದು ಒಪ್ಪಿದೆ. ಆದ್ರ ನೀರನಾಯಿ ಬಗ್ಗೆ ನನ್ನ ಮಾತು ಯಾರೂ ಕೇಳಲ್ಲ. ಆನೆಗುಂದಿ ಕಡೆ ನಮ್ಮ ಗೆಳೆಯಂದು ಬಲಿ ಪೂರಾ ಹರದು ಹಾಕ್ಯಾವ, ಮೀನಿನ ನಡುವಿಂದ ಕಚ್ಚಿ ತಿಂದು ಉಳಿದದ್ದು ಅಲ್ಲೇ ಬಿಟ್ಟಾವ. ಬಲಿ ಅಂದ್ರ ಸಾವಿರಗಟ್ಲೆ ರೊಕ್ಕ. ಸರ್ಕಾರ ಕಾಯ್ದಿಟ್ಟ ಪ್ರದೇಶ ಅಂತ ಬೋರ್ಡ್ ಹಾಕಿ ಹೋತು, ಬಲಿ ಹೊಲಿಯೋರು ನಾವು.

ಕಂಪ್ಲಿ ಹರಗೋಲು:
ಗುಂಡಾ ನಿನ್ನ ಮಾತು ಸುಳ್ಳಲ್ಲ. ನಮ್ಮ ಬಲಿನೂ ಹರದಾವ. ಮುದ್ಲಾಪುರದಿಂದ ನಮ್ಮ ಕಂಪ್ಲಿ ತನಕ ಹೊಳಿ 34 ಕಿಲೋಮೀಟರ್ 2015ರಾಗ ನೀರನಾಯಿಗೆ ಅಂತ ಮೀಸಲು ಮಾಡಿದ್ರು, ಬಲಿ ಹರದದ್ದಕ್ಕ ಪರಿಹಾರ ಇರ್ಬೇಕು ಅಂತ ನಾನೂ ಅಂತೀನಿ. ಆದ್ರ ನಾನು ಹೊಳಿ ಮ್ಯಾಲೆ ಕುಂತು ನೋಡಿದ್ದು ಹೇಳ್ತೀನಿ ಕೇಳು. ಬಂಡಿಗಲ್ಲಿನ ಮ್ಯಾಲೆ ಅವು ಹೇತಿರ್ತಾವ, ಎಲ್ಲಾ ಒಂದೇ ಜಾಗದಾಗ, ನಾತ ದೂರಕ್ಕ ಬರ್ತೈತಿ. ಒಣಗಿದ್ದನ್ನ ಕಡ್ಡ್ಯಾಗ ಕೆದರಿ ನೋಡು, ಜಿಲೇಬಿ ಹುರುಪಿ, ಏಡಿ ಚಿಪ್ಪು ಅವೇ ಕಾಣ್ತಾವ. ನಮ್ಮ ಕಡೆ ಹೊಳಿ ಮೀನ ಕಮ್ಮಿ ಆಗಿದ್ದು ಮದ್ದು ಹಾಕೋರಿಂದ, ಸೊಳ್ಳಿಪರದಿಯಂಥ ಸಣ್ಣ ಕಣ್ಣಿನ ಬಲಿ ಎಳಿಯೋರಿಂದ. ನೀರನಾಯಿ ನಮ್ಮಜ್ಜನ ಕಾಲಕ್ಕೂ ಇದ್ವು, ಆವಾಗ ಮೀನೂ ಇದ್ವು.

ಗಾಳದ ಗುಂಡ, ಗಂಗಾವತಿ:
ಪರಿಹಾರದ ಮಾತು ಒಪ್ಪಿದೆ, ಉಳಿದದ್ದು ನಿಮ್ಮ ಹರಗೋಲಿನಾಗ ಕುಂತು ಜಗಳ ಮಾಡೋಣ.

ಬಳ್ಳಾರಿ ಬಿಸ್ಲು:
ನಡುವ ಬಾಯಿ ಹಾಕ್ತೀನಿ. ಟೆರೇಸ್‌ಗೆ ಶೇಡ್ ನೆಟ್ ಕಟ್ಟಿದೆ ಅಕ್ಕಾರ. ಟೊಮ್ಯಾಟಿ ಇನ್ನೂ ಇಲ್ಲ, ಆದ್ರ ನೆಟ್ ಕಟ್ಟಿದ ವೈರಿಗೆ ಸೂರಕ್ಕಿ ಗೂಡು ಕಟ್ಲಿಕತ್ತೈತಿ, ಜೇಡರಬಲಿ, ಒಣಗಿದ ಎಲಿ, ಹುಳ ಕೊರದ ಕಟಗಿ ಪುಡಿ ಎಲ್ಲಾ ಅಂಟ್ಸಿ ಜೋತುಬಿದ್ದ ಚೀಲ ಮಾಡೈತಿ, ದೂರಿಂದ ನೋಡಿದ್ರ ಕಸ ಅಂತ ತಗದು ಒಗೀಬೇಕು ಹಂಗೈತಿ. ಈಗ ಆ ಕಡೆ ಬಟ್ಟಿ ಒಣಗಹಾಕೋದು ಬಂದ್. ಪಕ್ಕದಾಗ ಮಣ್ಣಿನ ತಟ್ಟಿಯಾಗ ನೀರು ಇಟ್ಟು ನಡುವ ಎರಡು ಕಲ್ಲು ಇಟ್ಟೀನಿ, ಜೇನ್ನೊಣ ಕುಂಡ್ರಾಕ. ಪಿಂಗಾಣಿ, ಸ್ಟೀಲ್ ಇಡಬ್ಯಾಡ್ರಿ, ಹತ್ತು ಗಂಟಿಗೇ ಕುದಿನೀರಾಗ್ತೈತಿ. ಯಾರರ ಈ ವಾರ ದರೋಜಿ ಕರಡಿಧಾಮದ ಕಡೆ ಹೋಗಿ ಬಂದ್ರೇನು? ಮಾನ್ವಿಯವರಿಗೂ ಮಕ್ಕಳಿಗೂ ತೋರ್ಸೋದಾದ್ರ ಅದೇ ಬೆಸ್ಟ್.

ಕೊಪ್ಪಳದಾಕಿ:
ಕರಡಿ ನೋಡಾಕ ದರೋಜಿಗೆ ಯಾಕ ಹೋಗ್ಬೇಕು, ನಮ್ಮ ತವರಿಗೆ ಬರ್ರಿ, ಕನಕಗಿರಿ ಹತ್ರ, ಕಲ್ಲಂಗಡಿ ಹೊಲಕ್ಕ ಅದೇ ಬರ್ತೈತಿ 😅 ಗುಡ್ಡದಾಗ ನೀರಿಲ್ಲ, ಕವಳಿ ಹಣ್ಣು ಇನ್ನೂ ಆಗಿರಂಗಿಲ್ಲ, ಇಳದು ಬರ್ತಾವ. ನಮ್ಮಣ್ಣ ಹೇಳೋದು, ನಸುಕಿನಾಗ ಚೆಂಬು ತಗೊಂಡು ಬಳ್ಳಾರಿ ಜಾಲಿ ಪೊದಿ ಕಡೆ ಹೋಗಬ್ಯಾಡ್ರಿ, ಹೋಗೋದೇ ಆದ್ರ ಸಪ್ಪಳ ಮಾಡ್ಕೊಂತ ಹೋಗ್ರಿ. ಅದಕ್ಕ ಕಣ್ಣು ಮಂದ, ನೀವು ಸುಮ್ನ ಹೋಗಿ ಎದುರಿಗೆ ನಿಂತ್ರ ಗಾಬ್ರಿ ಆಗಿ ಮುಖಕ್ಕೇ ಬರ್ತೈತಿ. ನೋಡೋ ಮಂದಿಗೆ ಚಂದ, ಹೊಲ ಕಾಯೋರ ಕಷ್ಟ ಬ್ಯಾರೆ. ಗಂಗಾವತಿ ತಾಲೂಕಿನ ಬಂಕಾಪುರದಾಗ ತೋಳಕ್ಕೂ ಒಂದ್ ಧಾಮ ಆಗೈತಿ, ಕುರಿ ಕಾಯೋರನ್ನ ಕೇಳಿದ್ರ ಅವರದೂ ಇದೇ ಮಾತು.

ಬಳ್ಳಾರಿ ಬಿಸ್ಲು:
ಅಕ್ಕಾರ ಹೇಳಿದ್ದು ಸರಿ. ದರೋಜಿ ಕರಡಿಧಾಮ 1994ರಾಗ ಆಗಿದ್ದು ಇಂಥ ಜಗಳಕ್ಕೂ ಒಂದ್ ದಾರಿ ಆಗ್ಲಿ ಅಂತ ಅನ್ಕೊಂಡೀನಿ. ಮಧ್ಯಾಹ್ನ ಬಂಡಿಗಲ್ಲಿಗೆ ಬೆಲ್ಲ ಬೆರೆಸಿದ್ದು ಏನೋ ಬಳೀತಾರ, ಅದನ್ನ ನೆಕ್ಕಾಕ ಕರಡಿ ಬರ್ತಾವ, ಎದುರಿನ ಗೋಪುರದಾಗ ಕುಂತು ನೋಡೋದು. ಬೆಲ್ಲ ಹಚ್ಚಿ ಕರಿಯೋದು ನನಗಂತೂ ಅಷ್ಟು ಸೇರಂಗಿಲ್ಲ, ಗೆದ್ದಲು ಕೆದರೋ ಪ್ರಾಣಿಗೆ ಸೊಸೈಟಿ ರೇಷನ್ ಕೊಟ್ಟಂಗ. ಆದ್ರ ಮಕ್ಕಳು ನೋಡಿದ್ರ ಮರಿಯಂಗಿಲ್ಲ, ಅದೂ ಖರೆ. ಹಕ್ಕಿ ಬೇಕಂದ್ರ ಅಂಕಸಮುದ್ರ ಕೆರಿ, 2021ರ ತನಕ ನಮ್ಮ ಜಿಲ್ಲಾದಾಗೇ ಇತ್ತು, ಈಗ ವಿಜಯನಗರ ಜಿಲ್ಲಾ. 2024ರಾಗ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಕೆರಿ-ಜೌಗು ಜಾಗದ ಪಟ್ಟಿ) ಸೇರ್ತು. ನೀರಾಗ ನಿಂತ ಜಾಲಿ ಗಿಡದ ತುಂಬ ಹಕ್ಕಿ ಗೂಡು.

ಮಾನ್ವಿಯವ್ನು, ಈಗ ಬೆಂಗ್ಳೂರು:
ದರೋಜಿಗೆ ಎಷ್ಟೊತ್ತಿಗೆ ಹೋಗ್ಬೇಕು? ಬೆಳಗ್ಗೆ ಬೇಗ ಹೋದ್ರೆ ಬಿಸಿಲು ತಪ್ಪುತ್ತೆ ಅನ್ಕೊಂಡಿದ್ದೆ.

ಬಳ್ಳಾರಿ ಬಿಸ್ಲು:
ಮುಂಜಾನಿ ಹೋದ್ರ ಬಾಗಲಾ ನೋಡ್ಕೊಂಡು ಬರ್ಬೇಕು. ಮಧ್ಯಾಹ್ನ 2ರಿಂದ ಸಂಜಿ 6ರ ತನಕ ಬಿಡ್ತಾರ. ನೀರು, ಟೋಪಿ ಒಯ್ರಿ, ಮಕ್ಕಳಿಗೆ ಗದ್ದಲ ಮಾಡಬ್ಯಾಡ್ರಿ ಅಂತ ಮೊದಲೇ ಹೇಳ್ರಿ. ಕರಡಿ ಬರೋ ತನಕ ನವಿಲು, ಗೌಜಲಕ್ಕಿ ಅದೇ ಬೆಲ್ಲಕ್ಕ ಬಂದು ಟೈಂಪಾಸ್ ಮಾಡಸ್ತಾವ.

ಹಿತ್ತಲಮನಿ, ಸಿಂಧನೂರು:
ಇಲ್ಲೀದು ಅಪ್ಡೇಟ್. ಕಂಪ್ಲಿ ಕಾಕಾರು ಹೇಳಿದಂಗ ಕೋಲು ನೆಟ್ಟು ನೋಡಿದ್ವಿ. ಬ್ರಿಜ್ ಕೆಳಗಿಂದು ಚೋಟುದ್ದ ಇಳದಿತ್ತು, ನಸುಕಿನಾಗ ಮೀನ ಬಾಯಿ ಬಿಡ್ಲಿಕತ್ತಿದ್ವು. ಅದನ್ನ ಕ್ಯಾಂಪಿನ ಹುಡುಗ್ರು ಬಲಿ ಎಳದು ಹಿಡದ್ರು, ಪಂಪ್ ಬ್ಯಾಡ ಅಂತ ಒಪ್ಪಿಸೋದ್ರಾಗ ನನಗ ಬಾಯಿ ಒಣಗಿತು, ಕೊನಿಗೆ ಡೀಸೆಲ್ ಖರ್ಚು ಯಾರು ಕೊಡ್ತೀರಿ ಅಂತ ಕೇಳಿದ್ಮ್ಯಾಲೆ ತಾವೇ ಸುಮ್ನಾದ್ರು. ಕೈಯಗಲದ್ದಕ್ಕಿಂತ ಸಣ್ಣ ರೋಹು ಕಾಟ್ಲಾ ಬಕೀಟಿನಾಗ ಹಾಕಿ ತೂಬಿನ ಗುಂಡಿಗೆ ಬಿಟ್ವಿ. ತೂಬಿನ ಗುಂಡಿಯಾಗ ಆಪು ಹಸರಾಗೇ ಅದ, ನೀರು ಬೆರಳಷ್ಟೂ ಇಳದಿಲ್ಲ, ಅದನ್ನ ಮುಟ್ಟೋದಿಲ್ಲ ಅಂತ ಮಾತಾಗ್ಯಾದ. ಎಷ್ಟು ದಿನ ನಿಂದ್ರತದೋ ಆ ಮಾತು, ನೋಡೋಣು. ಒಬ್ಬವ ಆಗಲೇ ರಾತ್ರಿ ಟಾರ್ಚ್ ಹಿಡಕೊಂಡು ಅಡ್ಡಾಡ್ಲಿಕತ್ಯಾನ ಅಂತ ಸುದ್ದಿ. ನಮ್ಮ ಪಾಲಿಗೆ ಒಂದು ದೊಡ್ಡ ಕೊರಮೀನ ಬಂದದ, ಮನ್ಯಾಗ ಜಾರಿ ಜಾರಿ ಯಾರ ಕೈಗೂ ಸಿಗವಲ್ದು, ಹೆಂಗ ತೊಳಿಯೋದು ಇದನ್ನ?

ಕೊಪ್ಪಳದಾಕಿ:
ಒಲಿ ಬೂದಿ ಐತೇನು? ಇಲ್ಲಾಂದ್ರ ಕಲ್ಲುಪ್ಪು, ಹುಣಸಿಹಣ್ಣು. ಮೊದಲು ನೀರು ಹಾಕಬ್ಯಾಡ್ರಿ, ನೀರು ಬಿದ್ದಷ್ಟೂ ಜಾರ್ತೈತಿ. ಒಣಾ ಬೂದಿ ಮೈಗೆಲ್ಲಾ ಹಚ್ಚಿ ಒರಟು ಕಲ್ಲಿನ ಮ್ಯಾಲೆ ತಿಕ್ಕಿದ್ರ ಲೋಳಿ ಹುರುಪಿ ಎರಡೂ ಬಿಡ್ತಾವ, ಆಮ್ಯಾಲೆ ತೊಳೀರಿ. ಸಾರಿಗೆ ಹುಣಸಿ ಬದಲಿ ಈಗ ಮಾವಿನಕಾಯಿ ಹಾಕ್ರಿ, ಗುಂಡು ಮೆಣಸಿನಕಾಯಿ ಹುರದು ಬಳ್ಳೊಳ್ಳಿ ಜೀರಿಗಿ ಜೋಡಿ ಅರೀರಿ.

ಗಾಳದ ಗುಂಡ, ಗಂಗಾವತಿ:
ಮಾವಿನಕಾಯಿ ಹಾಕಿದ್ರ ಮೀನಿನ ಸಾರು ಅಲ್ಲ ಅದು, ಉಪ್ಪಿನಕಾಯಿ. ಹುಣಸೀನೇ ಹಾಕ್ರಿ ಅಣ್ಣಾರ, ಮತ್ತ ರಾತ್ರಿ ಮಾಡಿದ್ದು ಮುಂಜಾನಿ ತಂಗಳ ರೊಟ್ಟಿ ಜೋಡಿ ತಿನ್ರಿ.